ಉಣ್ಣೆ ಸಾಕ್ಸ್ ನಿಜವಾಗಿ ಬಾಳಿಕೆ ಬರುತ್ತವಾ? ನಡೆದು ನೋಡಿದವರು ಹೇಳಿ

ಸಿರುಗುಪ್ಪದ ಹುಡುಗ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಉತ್ತರಾಖಂಡದ ಹಿಮದ ಬೆಟ್ಟ ಕೇದಾರಕಂಠಕ್ಕೆ ಹೊರಟಿದ್ದೇನೆ. ಅದಕ್ಕೂ ಮೊದಲು ಸಂಡೂರು ಗುಡ್ಡ, ಹಿರೇಬೆಣಕಲ್ ಕಡೆ ಬೆನ್ನಿಗೆ ಭಾರ ಹಾಕಿಕೊಂಡು ನಡೆದು ರೂಢಿ ಮಾಡಿಕೊಳ್ಳಬೇಕು. ಮೆರಿನೋ ಅನ್ನೋ ನಯ ಎಳೆಯ ಕುರಿ ತಳಿಯ ಉಣ್ಣೆ ಸಾಕ್ಸ್ ಒಂದು ಜೊತೆಗೆ 900 ರಿಂದ 2,000 ರೂಪಾಯಿ ಹೇಳುತ್ತಿದ್ದಾರೆ. ನನ್ನ ಪಾದ ಅಗಲ, ಬೆವರು ಜಾಸ್ತಿ. ದಪ್ಪದ್ದು ತಗೊಳ್ಳಲಾ, ನಡುಮಟ್ಟದ್ದಾ? ಎಷ್ಟು ಜೊತೆ ಬೇಕು? ಅಷ್ಟು ದುಡ್ಡಿಗೆ ಬಾಳಿಕೆ ಬರುತ್ತವಾ?

ಸಂಡೂರು ಗುಡ್ಡದವ:
ಬಾಳಿಕೆ ವಿಷಯ ನನ್ನ ಕೇಳು ತಮ್ಮಾ. ನಮ್ಮೂರಲ್ಲಿ ಬಾಳಿದ ಸಾಕ್ಸ್ ಎಲ್ಲಿ ಬೇಕಾದರೂ ಬಾಳುತ್ತೆ. ಕುಮಾರಸ್ವಾಮಿ ಗುಡಿ ಕಡೆ ಕಾಡುದಾರಿಯಲ್ಲಿ ನಡೆದರೆ ಅದಿರಿನ ಕೆಂಪು ದೂಳು ಶೂ ಒಳಗೆ ಇಳಿಯುತ್ತೆ. ಅದು ಬರೀ ಮಣ್ಣಲ್ಲ, ಕಬ್ಬಿಣ. ಬೆವರಿಗೆ ಅಂಟಿಕೊಂಡು ಹಿಮ್ಮಡಿ ಹತ್ತಿರ ಉಪ್ಪುಕಾಗದದ ಹಾಗೆ ತಿಕ್ಕುತ್ತೆ.

ನಾನು ಒಂದು ಪರೀಕ್ಷೆ ಮಾಡಿದೆ. ಬಲಗಾಲಿಗೆ ಉಣ್ಣೆ, ಎಡಗಾಲಿಗೆ ಪಾಲಿಯೆಸ್ಟರ್. ಜನ ನಕ್ಕರು, ನಗಲಿ. ಬೆನ್ನಿಗೆ ಟೆಂಟು, ನೀರು, ಅಕ್ಕಿ ಎಲ್ಲಾ ಸೇರಿ 11 ಕೆಜಿ. ಸಂಜೆ ಶೂ ಬಿಚ್ಚಿದಾಗ ಎಡಗಾಲಿನ ವಾಸನೆಗೆ ಜೊತೆಗಿದ್ದವನು ಟೆಂಟಿನಿಂದ ಹೊರಗೆ ಹೋದ. ಬಲಗಾಲು ಒದ್ದೆ ಇತ್ತು, ಆದರೆ ಚರ್ಮ ಬೆಳ್ಳಗೆ ಮುದುಡಿರಲಿಲ್ಲ. ಉಣ್ಣೆ ತನ್ನ ತೂಕದ 30% ವರೆಗೆ ತೇವ ಎಳೆಗಳೊಳಗೆ ಹೀರಿಕೊಂಡರೂ ಮುಟ್ಟಿದರೆ ಅಷ್ಟು ಹಸಿ ಅನ್ನಿಸಲ್ಲ.

ಈಗ ಖರ್ಚು. ಮೊದಲ ಜೊತೆ 1,150. ಲೇಬಲ್ ಮೇಲೆ ಉಣ್ಣೆ ಜಾಸ್ತಿ, ನೈಲಾನ್ ಕಡಿಮೆ. ಮಳೆಗಾಲ ಮುಗಿಯೋದರೊಳಗೆ ಹಿಮ್ಮಡಿಯಲ್ಲಿ ಬರೀ ಬಲೆ ಉಳಿಯಿತು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತೆ. ಎರಡನೇ ಜೊತೆ 1,390, ಉಣ್ಣೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉಳಿದದ್ದು ನೈಲಾನ್, ಚೂರು ಎಲಾಸ್ಟಿಕ್. ಅದು ಇನ್ನೂ ಗಟ್ಟಿ ಇದೆ. ಬಣ್ಣ ಮಾತ್ರ ಬೂದಿ ಹೋಗಿ ಇಟ್ಟಂಗಿ ಆಗಿದೆ. ನೂರಕ್ಕೆ ನೂರು ಉಣ್ಣೆ ಅಂತ ಹೇಳಿ ಮಾರುವವರನ್ನ ನಂಬಬೇಡ.

ಹತ್ತಿ ಅಡತಿ ರಾಯಚೂರು:
ಏನ್ರೀ ಇದು. ಮೇ ತಿಂಗಳಲ್ಲಿ 42 ಡಿಗ್ರಿ ಏರುವ ಊರವರು ಕಾಲಿಗೆ ಉಣ್ಣೆ ಹಾಕೋ ಮಾತಾಡ್ತೀರಿ. ದೇವದುರ್ಗ, ಮಾನ್ವಿ ಕಡೆ ಹತ್ತಿ ಗಾಡಿಗಟ್ಟಲೆ ನಮ್ಮ ಅಂಗಡಿ ಮುಂದೆ ಬಂದು ಇಳಿಯುತ್ತೆ. ಹತ್ತಿ ಸಾಕ್ಸ್ 120 ಕ್ಕೆ ಮೂರು ಜೊತೆ. ಮುದಗಲ್ ಕೋಟೆ, ಮಸ್ಕಿ ಗುಡ್ಡ ಎಲ್ಲಾ ಅದರಲ್ಲೇ ಹತ್ತಿದ್ದೇನೆ, ಒಂದು ಬೊಬ್ಬೆ ಎದ್ದಿಲ್ಲ.

ನನ್ನ ಮಗ ಹಟ ಹಿಡಿದು 1,650 ಕೊಟ್ಟು ಉಣ್ಣೆದು ತರಿಸಿದ. ಮೇಲೆ ಕೊರಿಯರ್ 90. ಒಂದು ಸಲ ಹಾಕಿದ, ಟ್ರಂಕಿನಲ್ಲಿ ಇಟ್ಟ. ಯುಗಾದಿಗೆ ತೆಗೆದರೆ ಬೆರಳಿನ ಹತ್ತಿರ ಕಡಲೆಕಾಳಿನಷ್ಟು ತೂತುಗಳು. ನುಸಿ! ಪಕ್ಕದಲ್ಲೇ ಇದ್ದ ನನ್ನ ಹತ್ತಿ ಪಂಚೆ ಹಾಗೇ ಇತ್ತು. 1,740 ರೂಪಾಯಿ ನುಸಿಗೆ ಊಟ ಹಾಕಿದ ಹಾಗಾಯ್ತು.

ಜೀನ್ಸ್ ಮಾಸ್ತರ್ ಬಳ್ಳಾರಿ:
ಅಡತಿ ಸಾಹುಕಾರ್ರೇ, ನುಸಿ ತಿಂದಿದ್ದು ಅಂದರೆ ಸದ್ಯ ಅಸಲಿ ಉಣ್ಣೆ ಅಂತ ಖುಷಿಪಡಿ. ಕೂದಲು, ಉಗುರಿನಲ್ಲಿರೋ ಪ್ರೋಟೀನೇ ಉಣ್ಣೆಯಲ್ಲೂ ಇರೋದು, ಅದಕ್ಕೇ ನುಸಿ ಬರುತ್ತೆ. ಬೆವರು ತೊಳೆಯದೆ ಇಟ್ಟರೆ ಇನ್ನೂ ಬೇಗ. ತೊಳೆದು ಒಣಗಿಸಿ ಗಾಳಿ ಆಡದ ಕವರಿನಲ್ಲಿ ಕಟ್ಟಿ ಇಡಬೇಕು.

ಹೊಲಿಗೆ ಘಟಕದಲ್ಲಿ ಇರೋದರಿಂದ ನನಗೆ ದಾರದ ಕಡೆ ಕಣ್ಣು ಹೋಗುತ್ತೆ. ಬಜಾರಿನಲ್ಲಿ ‘ವುಲನ್’ ಅಂತ 150 ಕ್ಕೆ ಕೊಡೋದು ಬಹುತೇಕ ಅಕ್ರಿಲಿಕ್. ನಾನು ತಗೊಂಡ ಕೂಡಲೇ ಒಳಗಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯುತ್ತೇನೆ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಕಡ್ಡಿ ತೆಗೆದರೆ ಉರಿ ತಾನೇ ಆರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಕರ್ರಗೆ ಗಟ್ಟಿ ಮಣಿ ಆಗುತ್ತೆ. ಹತ್ತಿ ಕಾಗದ ಸುಟ್ಟ ವಾಸನೆ ಕೊಡುತ್ತೆ. ನೈಲಾನ್ ಕಲಸಿದ ಉಣ್ಣೆಯಲ್ಲಿ ಪುಡಿ, ಮಣಿ ಎರಡೂ ಸಿಗುತ್ತವೆ, ಅದಕ್ಕೆ ಹೆದರಬೇಡಿ.

ಒಬ್ಬ ಅಂಗಡಿಯವನು 700 ಕ್ಕೆ ಮೆರಿನೋ ಅಂತ ಕೊಟ್ಟ. ಅವನ ಗಲ್ಲೆ ಮೇಲೆ ಸುಟ್ಟು ತೋರಿಸಿದೆ. ಮಣಿ ಬಿತ್ತು. ದುಡ್ಡು ವಾಪಸ್ ಕೊಡಲಿಲ್ಲ, ಬೈದು ಕಳಿಸಿದ.

ಗಂಗಾವತಿ ಟೀಚರ್:
ಇಲ್ಲಿ ಮಾತಾಡಿದ ಯಾರೂ ಕೇದಾರಕಂಠ ನೋಡಿದ ಹಾಗೆ ಕಾಣಲ್ಲ. ನಾನು ಹೋಗಿ ಬಂದಿದ್ದೇನೆ. ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್, ದಿಲ್ಲಿ, ಡೆಹ್ರಾಡೂನ್, ಆಮೇಲೆ ಸಾಂಕ್ರಿ. ಸಾಂಕ್ರಿ ಮುಟ್ಟೋವಷ್ಟರಲ್ಲೇ ಕಾಲು ಊದಿತ್ತು.

ನನ್ನ ಲೆಕ್ಕ ಬರೆದಿಟ್ಟಿದ್ದೇನೆ. ದಪ್ಪ ಉಣ್ಣೆದು ಒಂದು ಜೊತೆ 1,490. ನಡುಮಟ್ಟದ್ದು ಎರಡು ಜೊತೆ 2,196. ಒಳಗೆ ಹಾಕೋ ತೆಳು ಲೈನರ್ ಎರಡು 498. ಒಟ್ಟು 4,184. ಸಾಕ್ಸ್‌ಗೆ ಅಷ್ಟಾ ಅಂತ ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ. ಅಷ್ಟರಲ್ಲಿ ಒಂದು ಇಳಕಲ್ ಸೀರೆ ಬರುತ್ತಿತ್ತಂತೆ.

ಶೂ ಅಂಗಡಿಯವನು ತೆಳು ನೈಲಾನ್ ಸಾಕ್ಸ್ ಕೊಟ್ಟು ಅಳತೆ ನೋಡಿಸಿದ. ಹಿಮದಲ್ಲಿ ದಪ್ಪ ಸಾಕ್ಸ್ ಹಾಕಿದರೆ ಶೂ ಒಳಗೆ ಬೆರಳು ಅಲ್ಲಾಡಿಸೋಕೆ ಜಾಗವೇ ಇಲ್ಲ. ಬಿಗಿಯಾದರೆ ರಕ್ತ ಓಡಲ್ಲ, ರಕ್ತ ಓಡದಿದ್ದರೆ ಎಷ್ಟು ಉಣ್ಣೆ ಇದ್ದರೂ ಕಾಲು ತಣ್ಣಗೇ. ಮೇಲಿನ ಕ್ಯಾಂಪಿನಿಂದ ರಾತ್ರಿ ಎರಡೂವರೆಗೆ ಹೊರಟೆವು. 12,500 ಅಡಿಯ ತುದಿ ಮುಟ್ಟುವ ಹೊತ್ತಿಗೆ ಎಡಗಾಲಿನ ಹೆಬ್ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಗುದ್ದಿ ಉಗುರು ಕಪ್ಪಾಯಿತು. ಹೊಸ ಉಗುರು ಬರೋಕೆ ಬೇಸಿಗೆ ರಜೆ ಮುಗಿಯಿತು.

ಕರೆದುಕೊಂಡು ಹೋದವರು ಸಾಕ್ಸ್ ರಾತ್ರಿ ಒಣಗುತ್ತವೆ ಅಂದಿದ್ದರು. ಎಲ್ಲಿ ಒಣಗುತ್ತವೆ? ಟೆಂಟಿನ ಹಗ್ಗಕ್ಕೆ ಹಾಕಿದ್ದ ಜೊತೆ ಬೆಳಿಗ್ಗೆ ಕಟ್ಟಿಗೆ ತುಂಡಾಗಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಆಮೇಲಿನ ರಾತ್ರಿ ಮಲಗೋ ಚೀಲದೊಳಗೆ ಹೊಟ್ಟೆ ಮೇಲೆ ಇಟ್ಟುಕೊಂಡು ಮಲಗಿದೆ. ಒಂದು ಜೊತೆ ಬರೀ ಮಲಗೋಕೆ ಅಂತ ಮುಟ್ಟದೆ ಇಟ್ಟಿದ್ದೆ, ಅದೊಂದೇ ನನ್ನನ್ನು ಕಾಪಾಡಿತು.

ಸಿರುಗುಪ್ಪದ ಹುಡುಗ:
ಥ್ಯಾಂಕ್ಸ್ ಅಕ್ಕಾ. ಹಾಗಾದರೆ ಅಗಲ ಪಾದಕ್ಕೆ ನಡುಮಟ್ಟದ್ದೇ ಸರಿನಾ?

ಲಿಂಗಸುಗೂರು ಪಾದಯಾತ್ರಿ:
ನಮ್ಮಪ್ಪ ಪ್ರತಿ ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುತ್ತಿದ್ದರು. ಈಗ ನಾನು ನಡೆಯುತ್ತೇನೆ. ಡಾಂಬರು ಕಾದು ಹಂಚಾಗಿರುತ್ತೆ. ನಾಗಲೂಟಿ ದಾಟಿ ಕಾಡು ಹೊಕ್ಕ ಮೇಲೆ ಕಲ್ಲು, ಪೆಚ್ಚೆರುವು, ಆಮೇಲೆ ಭೀಮನಕೊಳ್ಳದ ಇಳಿಜಾರು. ಲಕ್ಷಾಂತರ ಜನ ನಡೆಯುತ್ತಾರೆ. ಯಾರ ಕಾಲಲ್ಲೂ 4,184 ರೂಪಾಯಿ ಇರಲ್ಲ. ಬೊಬ್ಬೆ ಎದ್ದರೆ ಸೂಜಿಯಿಂದ ಚುಚ್ಚಿ ನೀರು ತೆಗೆದು ಮುಂದೆ ಹೋಗೋದೇ. ಇದೆಲ್ಲಾ ದುಡ್ಡಿದ್ದವರ ಶೋಕಿ.

ಗಂಗಾವತಿ ಟೀಚರ್:
ಸರ್, ಭಕ್ತಿಗೆ ನಡೆಯೋದು ಬೇರೆ. ನಾನೂ ಅಂಜನಾದ್ರಿಯ 575 ಮೆಟ್ಟಿಲು ಬರಿಗಾಲಲ್ಲೇ ಹತ್ತುತ್ತೇನೆ. ಹಿಮದಲ್ಲಿ ಬರಿಗಾಲು ಇಟ್ಟರೆ ಬೆರಳು ಕತ್ತರಿಸಬೇಕಾದೀತು. ನನ್ನ ಸಂಬಳ, ನನ್ನ ಸಾಕ್ಸ್. ಶೋಕಿ ಅಂತ ಅನ್ನಬೇಡಿ.

ಲಿಂಗಸುಗೂರು ಪಾದಯಾತ್ರಿ:
ನಿಮ್ಮನ್ನ ಅಂದಿಲ್ಲ ಅಕ್ಕಾರೆ. ಸುಮ್ನೆ ಮೈಮೇಲೆ ಎಳ್ಕೊಬೇಡಿ.

ಜೀನ್ಸ್ ಮಾಸ್ತರ್ ಬಳ್ಳಾರಿ:
4,184 ಅಂತ ಬರೆದರೆ ಮತ್ತೆ ಯಾರನ್ನ ಅಂದ ಹಾಗೆ? ಮತ್ತೆ ಹಾದಿಯುದ್ದಕ್ಕೂ ಅನ್ನಛತ್ರದವರು ಪಾದಯಾತ್ರಿಗಳ ಕಾಲಿಗೆ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ ಸೇವೆ ಮಾಡೋದನ್ನೂ ಬರೆಯಿರಿ. ಎಷ್ಟೋ ಜನ ಬಟ್ಟೆ ಸುತ್ತಿಕೊಂಡು ನಡೆಯುತ್ತಾರೆ. ಅದೂ ಸಾಕ್ಸೇ ಅಲ್ವಾ?

ಕೊಪ್ಪಳ ಕಂಬಳಿ:
ಎಲ್ಲರೂ ಮೆರಿನೋ ಮೆರಿನೋ ಅಂತೀರಿ. ನಮ್ಮ ಕುರಿ ಉಣ್ಣೆ ಯಾರಿಗೂ ನೆನಪಿಲ್ಲ. ನಾನು ನಮ್ಮ ಕಪ್ಪು ಕುರಿ ಉಣ್ಣೆ ದಾರ ತಂದು ಮನೆಯಲ್ಲಿ ಹೆಣೆಸಿದೆ. ದಾರ 240, ಹೆಣೆದ ಚಿಕ್ಕಮ್ಮನಿಗೆ ಒಂದು ಸೇರು ಪೇಡೆ. ಹಾಕಿಕೊಂಡು ಹಿರೇಬೆಣಕಲ್ಲಿನ ಮೊರ್ಯರ ಗುಡ್ಡ ಹತ್ತಿದೆ. ಮೇಲೆ ಸಾವಿರಾರು ವರ್ಷ ಹಳೆಯ ಕಲ್ಲುಮನೆಗಳು, ನೋಡೋಕೆ ಎರಡು ಕಣ್ಣು ಸಾಲದು. ನಾನು ನೋಡಿದ್ದು ಬರೀ ನನ್ನ ಕಾಲು. ಏನು ಚುಚ್ಚುತ್ತೆ ಅಂತೀರಿ! ಮೆರಿನೋ ಎಳೆ 20 ಮೈಕ್ರಾನ್ ಆಸುಪಾಸು. ನಮ್ಮ ದಖನಿ, ಬಳ್ಳಾರಿ ಕುರಿ ಎಳೆ ಅದರ ಎರಡು ಪಟ್ಟಿಗಿಂತಲೂ ದಪ್ಪ. ದಪ್ಪ ಎಳೆಯ ತುದಿ ಬಾಗಲ್ಲ, ಚರ್ಮಕ್ಕೆ ಕುತ್ತುತ್ತೆ.

ಆದರೆ ಬಾಳಿಕೆ ಅಂದರೆ ಬಾಳಿಕೆ. ಇನ್ನೂ ಒಂದು ಎಳೆ ಬಿಟ್ಟಿಲ್ಲ. ಒಳಗೆ ತೆಳು ಸಾಕ್ಸ್ ಹಾಕಿ ಹೊರಗೆ ಇದನ್ನ ಹಾಕಿದರೆ ಚುಚ್ಚಲ್ಲ. ಈಗ ಚಳಿಗಾಲದಲ್ಲಿ ಹೊಲಕ್ಕೆ ನೀರು ಕಟ್ಟೋಕೆ ಹೋಗುವಾಗ ಅದೇ.

ಹತ್ತಿ ಅಡತಿ ರಾಯಚೂರು:
ಹಾಗಾದರೆ ಕಂಬಳಿಗೆ ಹಾಕುವ ಹಾಗೆ ಹುಣಸೆ ಬೀಜದ ಗಂಜಿನೂ ಹಾಕಿ ಬಿಗಿ ಮಾಡಿ ಹಾಕ್ಕೊಳ್ಳಿ. ಶೂನೇ ಬೇಕಾಗಲ್ಲ.

ಕೊಪ್ಪಳ ಕಂಬಳಿ:
ಗೊತ್ತಿಲ್ಲದ್ದಕ್ಕೆ ನಗಬೇಡಿ ಸಾಹುಕಾರ್ರೇ. ಆ ಗಂಜಿ ಹಾಕಿದ ಕಂಬಳಿ ಹೊದ್ದು ಕುರಿಗಾರರು ಇಡೀ ಮಳೆ ಹೊಲದಲ್ಲೇ ಕಳೆಯುತ್ತಾರೆ. ನಿಮ್ಮ ಹತ್ತಿ ಶಾಲು ಒಂದು ಜಡಿಮಳೆ ತಡೆಯಲಿ ನೋಡೋಣ. ಹಿಂಡಿದರೆ ಕೊಡ ತುಂಬುತ್ತೆ.

ಸಂಡೂರು ಗುಡ್ಡದವ:
ಕಂಬಳಿಯವರು ಹೇಳಿದ್ದು ಸರಿ. ಹತ್ತಿ ನೀರು ಹಿಡಿದರೆ ಬಿಡಲ್ಲ. ಒದ್ದೆ ಹತ್ತಿ ಚರ್ಮ ನೆನೆಸುತ್ತೆ, ನೆನೆದ ಚರ್ಮ ಬೇಗ ಕಿತ್ತು ಬರುತ್ತೆ. ಮುದಗಲ್ ಕೋಟೆ ಹತ್ತಿ ಇಳಿಯೋದು ಒಂದು ಹೊತ್ತಿನ ಕೆಲಸ. ಭಾರ ಹೊತ್ತು ದಿನಗಟ್ಟಲೆ ನಡೆದು ನೋಡಿ, ಆಮೇಲೆ ಹತ್ತಿ ಹೊಗಳಿ.

ಹತ್ತಿ ಅಡತಿ ರಾಯಚೂರು:
ಭಾರ ಹೊತ್ತವರು ನೀವೊಬ್ಬರೇನಾ? ಹತ್ತಿ ಅಂಡಿಗೆ ಹೊತ್ತ ವಂಶ ನಮ್ಮದು.

ಕುಮಾರ ಪರ್ವತ ನೋಡಿದವ, ಹೊಸಪೇಟೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಳೆ ಬಿಟ್ಟ ಮೇಲೆ ಕುಕ್ಕೆ ಕಡೆಯಿಂದ 1,712 ಮೀಟರ್ ಕುಮಾರ ಪರ್ವತ ಹತ್ತಿದೆ. 1,800 ರೂಪಾಯಿಯ ಉಣ್ಣೆ ಸಾಕ್ಸ್. ಮೆತ್ತಗೆ, ಬೆಚ್ಚಗೆ, ಎಲ್ಲಾ ಸರಿ. ಉಂಬಳಗಳು ಹೆಣಿಗೆಯ ಸಂದಿಯಲ್ಲಿ ಆರಾಮಾಗಿ ತೂರಿ ಒಳಗೆ ಕೂತಿದ್ದವು. ಭಟ್ಟರ ಮನೆ ಹತ್ತಿರ ಬಿಚ್ಚಿದರೆ ಸಾಕ್ಸ್ ಪೂರ್ತಿ ರಕ್ತ. ಮನೆಗೆ ಬಂದು ಹೆಂಡತಿ ಬಿಸಿನೀರಲ್ಲಿ ಸೋಡಾ ಹಾಕಿ ಕುಕ್ಕಿ ತೊಳೆದಳು. ರಕ್ತ ಹೋಗಲಿಲ್ಲ. ಸಾಕ್ಸ್ ಕುಗ್ಗಿ ನನ್ನ ಏಳು ವರ್ಷದ ಮಗಳ ಕಾಲಿಗೆ ಸರಿಹೋಯಿತು. ಎಳೆ ಎಳೆ ಸೇರಿ ಗಟ್ಟಿ ಹಲಗೆಯಾಗಿತ್ತು. ಜೊತೆಯವರು ಉಂಬಳಕ್ಕೆ ಅಂತಲೇ ಹೊಲಿದ ಒತ್ತು ನೇಯ್ಗೆಯ ಬಟ್ಟೆ ಸಾಕ್ಸ್ ಮಂಡಿವರೆಗೆ ಹಾಕಿದ್ದರು, 250 ರೂಪಾಯಿ. ಅವರಿಗೆ ಒಂದೂ ಕಚ್ಚಲಿಲ್ಲ.

ಹತ್ತಿ ಅಡತಿ ರಾಯಚೂರು:
ಯಾವ ಬಟ್ಟೆ? ಬಾಯಿಬಿಟ್ಟು ಹೇಳಿ.

ಕುಮಾರ ಪರ್ವತ ನೋಡಿದವ, ಹೊಸಪೇಟೆ:
ಹತ್ತಿ.

ಹತ್ತಿ ಅಡತಿ ರಾಯಚೂರು:
ಓದಿದಿರಾ ಎಲ್ಲರೂ? ಸಂಡೂರಿನವರು ಎಲ್ಲಿ ಹೋದರು?

ಸಂಡೂರು ಗುಡ್ಡದವ:
ಇಲ್ಲೇ ಇದ್ದೇನೆ. ಅದನ್ನ ಒಳಗಿನ ಸಾಕ್ಸ್ ಮೇಲೆ ಹಾಕೋದು ರೀ, ಬರಿಗಾಲಿಗಲ್ಲ. ಒಳಗೆ ಏನು ಹಾಕಿದ್ದರು ಅಂತ ಕೇಳಿ ಮೊದಲು.

ಗಂಗಾವತಿ ಟೀಚರ್:
ಉಣ್ಣೆಗೆ ಬಿಸಿನೀರು, ಸೋಡಾ ಎರಡೂ ಆಗಲ್ಲ. ಒಳಮೈ ಹೊರಗೆ ಮಾಡಿ ತಣ್ಣೀರು, ಸ್ವಲ್ಪ ಶಾಂಪೂ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಲ್ಲಿ ಹಾಕಬೇಕು. ಮತ್ತೆ ಹೆಂಡತಿಯೇ ಯಾಕೆ ತೊಳೆಯಬೇಕಿತ್ತು ಸರ್? ಗುಡ್ಡ ಹತ್ತಿದವರು ನೀವು.

ಕುಮಾರ ಪರ್ವತ ನೋಡಿದವ, ಹೊಸಪೇಟೆ:
ಅದು ನಮ್ಮ ಮನೆ ವಿಷಯ ಮೇಡಂ.

ಸಿರುಗುಪ್ಪದ ಹುಡುಗ:
ಡಾರ್ನ್ ಟಫ್ ಅನ್ನೋ ಅಮೆರಿಕದ ಕಂಪನಿ ಜೀವನಪೂರ್ತಿ ಗ್ಯಾರಂಟಿ ಕೊಡುತ್ತಂತೆ. ಅದು ತರಿಸಿದರೆ ಹೇಗೆ? ಯಾರಾದರೂ ಹಾಕಿದ್ದೀರಾ?

ಜೀನ್ಸ್ ಮಾಸ್ತರ್ ಬಳ್ಳಾರಿ:
ಗ್ಯಾರಂಟಿ ನಿಜ, ತೂತು ಬಿದ್ದರೆ ಬದಲಿ ಕೊಡುತ್ತಾರೆ. ಅವರ ಊರು ವರ್ಮಾಂಟ್, ನಿನ್ನೂರು ಸಿರುಗುಪ್ಪ. ಹರಿದ ಸಾಕ್ಸ್ ಅಲ್ಲಿವರೆಗೆ ಕಳಿಸೋ ಖರ್ಚಲ್ಲಿ ಇಲ್ಲಿ ಹೊಸದು ಬರುತ್ತೆ. ಇಲ್ಲೇ ಸಿಗೋ ಕ್ರೀಡಾ ಸಾಮಾನಿನ ಅಂಗಡಿ ಡಿಕ್ಯಾಥ್ಲಾನ್‌ನದು ತಗೊಂಡು ಹಿಮ್ಮಡಿ ತೆಳ್ಳಗಾದ ಕೂಡಲೇ ರಫೂ ಮಾಡಿಸು. ತೂತು ಬಿದ್ದ ಮೇಲೆ ಅಲ್ಲ, ಮೊದಲೇ. ರಫೂ ಚಪ್ಪಟೆ ಇರಬೇಕು, ಗಂಟು ಉಳಿದರೆ ಅದೇ ಬೊಬ್ಬೆ ಎಬ್ಬಿಸುತ್ತೆ.

ಸಂಡೂರು ಗುಡ್ಡದವ:
ಮಾಸ್ತರ್, ನನ್ನ 1,150 ರ ಜೊತೆ ರಫೂ ಆಗುತ್ತಾ? ಎಷ್ಟು ತಗೋತೀರಿ?

ಜೀನ್ಸ್ ಮಾಸ್ತರ್ ಬಳ್ಳಾರಿ:
ಒಂದು ಹಿಮ್ಮಡಿಗೆ 50. ಉಣ್ಣೆ ದಾರ ನೀವೇ ತರಬೇಕು.

ಸಂಡೂರು ಗುಡ್ಡದವ:
ಐವತ್ತಾ? ಪ್ಯಾಂಟಿನ ಮಂಡಿಗೆ 30 ತಗೋತಾರೆ.

ಜೀನ್ಸ್ ಮಾಸ್ತರ್ ಬಳ್ಳಾರಿ:
ಪ್ಯಾಂಟು ಮಷಿನ್ ಕೆಲಸ, ಇದು ಕೈಸೂಜಿ ಕೆಲಸ. 40 ಕೊಡಿ. ತೊಳೆದು ತನ್ನಿ. ಹೋದ ಸಲ ನಿಮ್ಮೂರವರೊಬ್ಬರು ತಂದ ಜೊತೆಯಿಂದ ನಮ್ಮ ಮೇಜಿನ ಮೇಲಿದ್ದ ಬಿಳಿ ಅಸ್ತರ್ ಬಟ್ಟೆಯೆಲ್ಲಾ ಕೆಂಪಾಯಿತು, ಮಾಲೀಕರು ನನ್ನ ಕೂಲಿಯಲ್ಲಿ ಹಿಡಿದರು. ಭಾನುವಾರ ಬನ್ನಿ, ಘಟಕಕ್ಕೆ ರಜೆ.