ಕದ್ದ ಪ್ರತಿಯ ನಷ್ಟ ಬೀಳುವುದು ಯಾರ ಮೇಲೆ? ಚಿತ್ರ ಮತ್ತು ತಂತ್ರಾಂಶದ ಕೆಲಸದಲ್ಲಿರುವವರು ದಯವಿಟ್ಟು ತಿಳಿಸಿ

ಶಿರಸಿಯ ಓದುಗ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದ ಭಾವಮೈದುನ, ಆ ವಾರವಷ್ಟೇ ಬಿಡುಗಡೆಯಾಗಿದ್ದ ಕನ್ನಡ ಚಿತ್ರವೊಂದನ್ನು ಟೆಲಿಗ್ರಾಂನಿಂದ ಇಳಿಸಿಕೊಂಡು ಟಿವಿಯಲ್ಲಿ ಹಾಕಿದರು. ಪರದೆಯ ಅಡಿಯಲ್ಲಿ ಯಾರೋ ಎದ್ದು ಹೋಗುವ ನೆರಳು ಕಾಣುತ್ತಿತ್ತು, ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಆದರೂ ಮನೆಮಂದಿಯೆಲ್ಲ ಕುಳಿತು ಕೊನೆಯವರೆಗೂ ನೋಡಿದರು. ಇದು ತಪ್ಪಲ್ಲವೇ ಎಂದು ಕೇಳಿದ್ದಕ್ಕೆ ಅವರು, "ಹೇಗೂ ನಾನು ಟಾಕೀಸಿಗೆ ಹೋಗುತ್ತಿರಲಿಲ್ಲ ಭಾವ, ಹಾಗಿರುವಾಗ ನಷ್ಟವಾದದ್ದು ಯಾರಿಗೆ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಪೈರಸಿಯಿಂದ ಚಿತ್ರೋದ್ಯಮಕ್ಕೆ ವರ್ಷಕ್ಕೆ 20,000 ಕೋಟಿ ರೂಪಾಯಿಯವರೆಗೆ ನಷ್ಟವಾಗುತ್ತಿದೆ ಎಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ನವೆಂಬರಿನಲ್ಲಿ ಹೇಳಿತ್ತು. ಇಳಿಸಿಕೊಂಡ ಒಂದೊಂದು ನಕಲನ್ನೂ ಮಾರಾಟವಾಗದೆ ಉಳಿದ ಒಂದೊಂದು ಟಿಕೆಟ್ ಎಂದು ಲೆಕ್ಕ ಹಿಡಿಯಬಹುದೇ? ಇನ್ನೊಬ್ಬರತ್ತ ಬೆರಳು ತೋರಿಸುವ ಮುನ್ನ ನನ್ನದನ್ನೂ ಹೇಳಿಬಿಡುತ್ತೇನೆ: ನಾನು ಕೆಲಸ ಮಾಡುವ ಚಿಕ್ಕ ಪ್ರಕಾಶನದ ನಾಲ್ಕು ಕಂಪ್ಯೂಟರುಗಳ ಪೈಕಿ ಮೂರರಲ್ಲಿರುವ ಪುಟವಿನ್ಯಾಸದ ತಂತ್ರಾಂಶ ಹಣ ಕೊಟ್ಟು ಕೊಂಡದ್ದಲ್ಲ.

ಮಲೆನಾಡಿನ ವಿತರಕ

ನಿಮ್ಮ ಭಾವಮೈದುನರ ಮಾತು ಅವರೊಬ್ಬರ ಮಟ್ಟಿಗೆ ನಿಜವಿರಬಹುದು. ಒಂದು ನಕಲಿಗೆ ಒಂದು ಟಿಕೆಟ್ ಎಂಬ ಲೆಕ್ಕವನ್ನು ನಾನೂ ಒಪ್ಪುವುದಿಲ್ಲ. ಆದರೆ ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಟಾಕೀಸುಗಳಿಗೆ ಹದಿನೆಂಟು ವರ್ಷಗಳಿಂದ ಚಿತ್ರ ಕೊಡುತ್ತ ಬಂದಿರುವ ನಾನು ಕಂಡದ್ದೇನೆಂದರೆ, ಈ ಪೆಟ್ಟು ಎಲ್ಲ ಚಿತ್ರಗಳಿಗೂ ಒಂದೇ ಸಮನಾಗಿ ಬೀಳುವುದಿಲ್ಲ. ದೊಡ್ಡ ನಾಯಕರ ಚಿತ್ರಕ್ಕೆ ಅಭಿಮಾನಿಗಳು ಮೊದಲ ದಿನವೇ ಬರುತ್ತಾರೆ, ಶುಕ್ರವಾರದಿಂದ ಭಾನುವಾರದೊಳಗೆ ಗಳಿಕೆಯ ದೊಡ್ಡ ಪಾಲು ಕೈಸೇರುತ್ತದೆ. ಹೊಸಬರ ಚಿತ್ರ ಬದುಕುವುದು ಬಾಯಿಮಾತಿನ ಮೇಲೆ. ಮೊದಲ ಮೂರು ದಿನ ನೋಡಿದ ಕೆಲವರು ಚೆನ್ನಾಗಿದೆ ಎಂದು ನಾಲ್ಕು ಜನರಿಗೆ ಹೇಳಬೇಕು, ಸೋಮವಾರದಿಂದ ಜನ ಕೂಡಬೇಕು. ಸರಿಯಾಗಿ ಅದೇ ಹೊತ್ತಿಗೆ ನಕಲು ಊರಿಗೆ ಬಂದಿರುತ್ತದೆ. ಒಳ್ಳೆಯ ಮಾತು ಹರಡಿದಷ್ಟೂ ಅದರ ಫಲ ನಕಲಿಗೇ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಹೊಸ ನಿರ್ದೇಶಕರೊಬ್ಬರ ಚಿತ್ರವನ್ನು ತಾಲ್ಲೂಕು ಕೇಂದ್ರವೊಂದರಲ್ಲಿ ಹಾಕಿಸಿದ್ದೆ. ಸೋಮವಾರದ ಬೆಳಗಿನ ಆಟಕ್ಕೆ ಹನ್ನೊಂದು ಟಿಕೆಟ್ ಹೋಗಿದ್ದವು. ಹೊರಗೆ ಬಂದರೆ, ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ಚಿತ್ರ ತುಂಬಿಸಿಕೊಡುತ್ತಿದ್ದರು. ಅಂಗಡಿಯ ಹುಡುಗ ನನ್ನದೇ ಚಿತ್ರದ ಹೆಸರು ಹೇಳಿ, "ಹೊಸಾದು ಬಂದೈತೆ ಅಣ್ಣ, ಭಾರಿ ಚೆನ್ನಾಗೈತೆ, ಹಾಕಿಕೊಡ್ಲಾ?" ಎಂದು ನನ್ನನ್ನೇ ಕೇಳಿದ. ಆ ಚಿತ್ರ ಗುರುವಾರಕ್ಕೆ ಎತ್ತಂಗಡಿಯಾಯಿತು. ನಿರ್ದೇಶಕರು ಆಮೇಲೆ ಇನ್ನೊಂದು ಚಿತ್ರ ಮಾಡಲಿಲ್ಲ. ಅವರು ಮಾಡದೆ ಉಳಿದ ಎರಡನೆಯ ಚಿತ್ರವನ್ನು ಯಾವ ಸಮೀಕ್ಷೆಯೂ ನಷ್ಟದ ಪಟ್ಟಿಗೆ ಸೇರಿಸುವುದಿಲ್ಲ.

ನಷ್ಟ ಟಾಕೀಸಿನ ಬಾಗಿಲಲ್ಲೇ ನಿಲ್ಲುವುದೂ ಇಲ್ಲ. ಟಾಕೀಸಿನಲ್ಲಿ ಓಡಲಿಲ್ಲ ಎಂದರೆ ಟಿವಿ ವಾಹಿನಿಯವರೂ ಒಟಿಟಿಯವರೂ ಹಕ್ಕಿನ ಬೆಲೆ ಇಳಿಸುತ್ತಾರೆ, ಇಲ್ಲವೇ ಚಿತ್ರವೇ ಬೇಡವೆನ್ನುತ್ತಾರೆ. ಕಾನೂನೇನೋ ಗಟ್ಟಿಯಾಗಿದೆ: 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಂತೆ ಟಾಕೀಸಿನಲ್ಲಿ ಚಿತ್ರ ಕದ್ದು ಚಿತ್ರೀಕರಿಸಿದವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿಯಿಂದ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ. ಡಿಜಿಟಲ್ ಪ್ರದರ್ಶನದಲ್ಲಿ ಕಣ್ಣಿಗೆ ಕಾಣದ ಗುರುತು ಇರುವುದರಿಂದ ನಕಲು ಯಾವ ಪರದೆಯದು, ಯಾವ ಹೊತ್ತಿನದು ಎಂದು ಪತ್ತೆ ಹಚ್ಚುವುದಕ್ಕೂ ಬರುತ್ತದೆ. ಆದರೆ ಪತ್ತೆಯಾಗುವ ಹೊತ್ತಿಗೆ ಎರಡನೆಯ ವಾರ ಮುಗಿದಿರುತ್ತದೆ.

ಅಕ್ಷರ ಜೋಡಿಸುವವಳು, ಬೆಂಗಳೂರು

ನಾನು ತಂತ್ರಾಂಶದ ಕಡೆಯಿಂದ ಬರೆಯುತ್ತೇನೆ, ಏಕೆಂದರೆ ಅಲ್ಲಿ ಆದ ಹಾನಿ ಚಿತ್ರರಂಗದ್ದರಂತೆ ಎದ್ದು ಕಾಣುವುದಿಲ್ಲ. ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಭಾರತದ ಕಂಪ್ಯೂಟರುಗಳಲ್ಲಿ ಹಾಕಿಕೊಂಡಿದ್ದ ತಂತ್ರಾಂಶದಲ್ಲಿ ಶೇ 56ರಷ್ಟಕ್ಕೆ ಪರವಾನಗಿ ಇರಲಿಲ್ಲ. ಈ ಲೆಕ್ಕವನ್ನು ಕಂಪನಿಗಳೇ ಮಾಡಿಸಿವೆ ಎಂಬುದನ್ನು ಮರೆಯಬಾರದು. ಆದರೂ ತೊಂಬತ್ತರ ದಶಕದ ಕೊನೆಯಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸದಲ್ಲಿರುವ ನನಗೆ ಅದು ಉತ್ಪ್ರೇಕ್ಷೆ ಎನ್ನಿಸುವುದಿಲ್ಲ.

ದೊಡ್ಡ ಕಂಪನಿಗಳು ಇದರಿಂದ ಮುಳುಗಲಿಲ್ಲ. ಚೀನಾದವರು ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅಭ್ಯಾಸವಾದ ಮೇಲೆ ಹಣ ವಸೂಲಿ ಮಾಡುವ ದಾರಿ ನೋಡಿಕೊಳ್ಳೋಣ ಎಂಬ ಅರ್ಥದ ಮಾತನ್ನು ಬಿಲ್ ಗೇಟ್ಸ್ 1998ರಲ್ಲಿಯೇ ಆಡಿದ್ದರು. ಮುಳುಗಿದವರು ಚಿಕ್ಕವರು. ಸಾವಿರಾರು ರೂಪಾಯಿಯ ಫೋಟೋಶಾಪ್ ಮತ್ತು ಪುಟವಿನ್ಯಾಸದ ಪೇಜ್‌ಮೇಕರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಾರುತ್ತಿದ್ದ ಕಳವಿನ ಸಿಡಿಯಲ್ಲಿ ಪುಡಿಗಾಸಿಗೆ ಸಿಗುತ್ತಿದ್ದಾಗ, ಕನ್ನಡಕ್ಕೆಂದೇ ಕಡಿಮೆ ಬೆಲೆಯ ಸಾಧನ ಮಾಡಿ ಮಾರುವವರ ಸರಕನ್ನು ಕೊಳ್ಳುವವರು ಯಾರು? ಕಡಿಮೆ ಬೆಲೆಯೊಂದೇ ಅವರಿಗಿದ್ದ ಬಲ, ಅದನ್ನು ಕಳವಿನ ಸಿಡಿ ಕಿತ್ತುಕೊಂಡಿತು. ಶ್ರೀಲಿಪಿಯಂತಹ ಭಾರತೀಯ ಭಾಷೆಗಳ ತಂತ್ರಾಂಶಗಳು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ, ಬೀಗದ ಕೀಲಿಯಂತಹ ಡಾಂಗಲ್ ಜೊತೆಗೆ ಬರುತ್ತಿದ್ದವು. ಡಾಂಗಲ್ ಇಲ್ಲದೆಯೂ ಕೆಲಸ ಮಾಡುವ ಒಡೆದ ಪ್ರತಿಗಳು ಬಹುಬೇಗ ಅಂಗಡಿಯಿಂದ ಅಂಗಡಿಗೆ ಹೋದವು.

ಇದರ ಇನ್ನೊಂದು ಪರಿಣಾಮವನ್ನು ನಾನು ಈಗಲೂ ದಿನವೂ ಅನುಭವಿಸುತ್ತಿದ್ದೇನೆ. ಒಡೆದ ಪ್ರತಿಗೆ ಹೊಸ ಆವೃತ್ತಿ ಬರುವುದಿಲ್ಲ. ಪೇಜ್‌ಮೇಕರ್ ಅಭಿವೃದ್ಧಿ 2004ರಲ್ಲೇ ನಿಂತರೂ ನಮ್ಮ ಎಷ್ಟೋ ಮುದ್ರಣಾಲಯಗಳು ಅದೇ ಒಡೆದ ಪ್ರತಿ, ಅದೇ ಹಳೆಯ ಫಾಂಟುಗಳಲ್ಲಿ ಉಳಿದವು, ಏಕೆಂದರೆ ಹೊಸದಕ್ಕೆ ಹೋಗಬೇಕಾದರೆ ಮೊದಲ ಸಲ ದುಡ್ಡು ಕೊಡಬೇಕಿತ್ತು. ಪೇಜ್‌ಮೇಕರ್‌ಗೆ ಕನ್ನಡದ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರಸಂಕೇತ, ಗೊತ್ತಿಲ್ಲ. ಹೀಗಾಗಿ ಎರಡು ದಶಕಗಳ ಕನ್ನಡ ಪುಸ್ತಕಗಳ ಕಡತಗಳು ಹುಡುಕಲಾಗದ, ಇಪುಸ್ತಕವಾಗದ ಸಂಕೇತಗಳಲ್ಲಿ ಸಿಕ್ಕಿಕೊಂಡಿವೆ. ಇದಕ್ಕೆ ಪೈರಸಿಯೊಂದೇ ಕಾರಣವಲ್ಲ, ಪತ್ರಿಕೆ ಮತ್ತು ಕಚೇರಿಗಳ ರೂಢಿಯೂ ಕಾರಣ. ಆದರೆ ಅದರ ಪಾಲು ಚಿಕ್ಕದಲ್ಲ.

ನಿಮ್ಮ ಮೂರು ಕಂಪ್ಯೂಟರುಗಳ ಬಗ್ಗೆ ಒಂದು ಮಾತು. ಕಳವಿನ ಪ್ರತಿಯೆಂದು ತಿಳಿದೂ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ. ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ. ಅದಕ್ಕಿಂತ ಹತ್ತಿರದ ಅಪಾಯವೂ ಇದೆ. ನನಗೆ ಪರಿಚಯದ ಮುದ್ರಣಾಲಯವೊಂದರಲ್ಲಿ, ಕೀಲಿ ಮುರಿಯಲು ಹಾಕಿದ ಕಡತದ ಜೊತೆ ಬಂದ ವೈರಸ್ಸು ಆರುನೂರು ಪುಟದ ನಿಘಂಟಿನ ಕೆಲಸವನ್ನು ಒಂದೇ ರಾತ್ರಿಯಲ್ಲಿ ತೆರೆಯಲಾಗದಂತೆ ಮಾಡಿತು. ಕೊನೆಗೆ ಕರಡು ತಿದ್ದಿದ ಹಾಳೆಗಳನ್ನು ಮುಂದಿಟ್ಟುಕೊಂಡು ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಿದರು.

ಮ್ಯೂನಿಕ್ ಕನ್ನಡಿಗ

ವಿತರಕರ ನೋವು ಅರ್ಥವಾಗುತ್ತದೆ. ಆದರೆ ನಮ್ಮಂತಹವರ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಇಲ್ಲಿ ಕನ್ನಡ ಚಿತ್ರ ಬಂದರೆ ಒಂದು ಶನಿವಾರ, ಒಂದು ಆಟ. ಚಿಕ್ಕ ಚಿತ್ರಗಳು ಅಷ್ಟೂ ಬರುವುದಿಲ್ಲ. ಒಟಿಟಿಯಲ್ಲಿ ಹುಡುಕಿದರೆ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂಬ ಸಾಲು ಕಾಣುತ್ತದೆ. ರಕ್ಷಿತ್ ಶೆಟ್ಟಿಯವರಂತಹ ಹೆಸರಾಂತ ನಿರ್ಮಾಪಕರೇ 'ಏಕಂ' ವೆಬ್ ಸರಣಿಯನ್ನು ಒಟಿಟಿಗಳು ಕೊಳ್ಳದಿದ್ದಾಗ 2024ರ ಜುಲೈನಲ್ಲಿ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ನಾನು ಅಲ್ಲಿಯೇ ಹಣ ಕೊಟ್ಟು ನೋಡಿದೆ, ಇಲ್ಲಿನ ಗೆಳೆಯರೂ ನೋಡಿದರು. ಕೊಡುವ ಮನಸ್ಸಿದ್ದವರಿಗೆ ಕೊಡುವ ದಾರಿ ಬೇಕು.

ಮಲೆನಾಡಿನ ವಿತರಕ

ಮ್ಯೂನಿಕ್‌ನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಟಾಕೀಸು ಮುಚ್ಚಿರುವ ಊರುಗಳಲ್ಲಿಯೂ ಇದೇ ಕಥೆ, ಅಲ್ಲಿಯ ಜನ ಬೇಕೆಂದರೂ ಟಿಕೆಟ್ ಕೊಳ್ಳಲಾರರು. ಆದರೆ ಶಿರಸಿಯವರ ಮನೆಯಲ್ಲಿ ನಡೆದದ್ದು, ಟಾಕೀಸಿನಲ್ಲಿ ಚಿತ್ರ ಇನ್ನೂ ಓಡುತ್ತಿದ್ದ ವಾರದ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ಶಿರಸಿಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಚಿತ್ರ ಮಾಡದ ಆ ನಿರ್ದೇಶಕರ ವಿಷಯವನ್ನು ಭಾವಮೈದುನರಿಗೆ ಓದಿ ಹೇಳಿದೆ, ಅವರು ಬಹಳ ಹೊತ್ತು ಸುಮ್ಮನಿದ್ದರು. ನಮ್ಮ ಕಚೇರಿಯಲ್ಲಿಯೂ ಮಾತಾಡಿದ್ದೇವೆ. ಒಂದು ಕಂಪ್ಯೂಟರಿಗೆ ಪುಟವಿನ್ಯಾಸದ ಇನ್‌ಡಿಸೈನ್ ಪರವಾನಗಿ ಕೊಂಡು, ಉಳಿದೆರಡಕ್ಕೆ ಉಚಿತ ತಂತ್ರಾಂಶಗಳಾದ ಲಿಬ್ರೆಆಫೀಸ್ ಮತ್ತು ಸ್ಕ್ರೈಬಸ್ ಹಾಕುವುದೆಂದು ತೀರ್ಮಾನವಾಗಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿರುವ ಎಂಬತ್ತು ಪುಸ್ತಕಗಳನ್ನು ಏನು ಮಾಡುವುದೆಂದು ಅಕ್ಕನವರು ತಿಳಿಸಬಹುದೇ?

ಅಕ್ಷರ ಜೋಡಿಸುವವಳು, ಬೆಂಗಳೂರು

ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಪಠ್ಯವನ್ನು ಅಧ್ಯಾಯವಾರು ಹೊರತೆಗೆದು ಹಾಕಿರಿ, ಮೂಲ ಕಡತಗಳನ್ನು ಅಳಿಸಬೇಡಿರಿ. ನಡುನಡುವೆ ಬರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು. ಅರ್ಕಾವೊತ್ತು ಇರುವ ಕಡೆಯೆಲ್ಲ ಇನ್ನೊಮ್ಮೆ ಓದಿರಿ. 'ರ‍್ಯಾಂಕ್' ಎಂಬಂತಹ ಪದಗಳು ಸಾಮಾನ್ಯವಾಗಿ ತಪ್ಪಾಗಿ ಬರುತ್ತವೆ. ಮೊದಲು ಚಿಕ್ಕದೊಂದು ಪುಸ್ತಕ ಹಿಡಿಯಿರಿ, ಅದರ ಹತ್ತು ಪುಟ ಕಳುಹಿಸಿದರೆ ನಾನು ನೋಡಿ ಹೇಳುತ್ತೇನೆ.