ಪದ ಬೇಕಿದೆ: ‘ಝೀರೋ ಶ್ಯಾಡೋ ಡೇ’ಗೆ ಫಲಕದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಮಕ್ಕಳ ಬೇಸಿಗೆ ಶಿಬಿರಕ್ಕೆ ಒಂದು ಫಲಕ ಬೇಕು. ಏಪ್ರಿಲ್ 24ಕ್ಕೆ ಕೋಲು ನೆಟ್ಟು ನೆರಳು ತೋರಿಸುತ್ತೇವೆ. ಅಂದು ನಡುಹಗಲಲ್ಲಿ ಸೂರ್ಯ ನೇರ ನೆತ್ತಿಗೆ ಬರುವುದರಿಂದ ನೆಟ್ಟ ಕೋಲಿನ ನೆರಳು ಪಕ್ಕಕ್ಕೆ ಬೀಳುವುದಿಲ್ಲ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ‘ಶೂನ್ಯ ನೆರಳಿನ ದಿನ’ ಸಾಕಾ? ಕೆಳಗಿನ ಸಾಲು ಹೀಗಿದೆ: ‘ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ.’ ಇದನ್ನೂ ನೋಡಿ ಹೇಳಿ.

ಮರು:
ಸಾಲದು. ಶೂನ್ಯ ಸಂಸ್ಕೃತ, ನೆರಳು ಕನ್ನಡ. ಹೀಗೆ ಎರಡು ಭಾಷೆ ಬೆರೆಸಿದರೆ ಅರಿಸಮಾಸ. ‘ಛಾಯಾಶೂನ್ಯ ದಿನ’ ಎಂದು ಬರೆಯಿರಿ.

ಮರು:
ಅರಿಸಮಾಸದ ಮಾತು ಬಿಡಿ ಸರ್. ಮಳೆಗಾಲ, ಚಳಿಗಾಲದಲ್ಲೂ ‘ಕಾಲ’ ಸಂಸ್ಕೃತದ್ದೇ. ಯಾರ ಕಿವಿಗೂ ಚುಚ್ಚಿಲ್ಲ.

ಮೇಡಂ, ಮೊದಲು ಆ ಕೆಳಗಿನ ಸಾಲು ತೆಗೆಯಿರಿ. ಪದಕ್ಕಿಂತ ಅದು ದೊಡ್ಡ ತಪ್ಪು. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಹೋಗುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ. ತೀರಾ ದೂರ ಜುಲೈ ಮೊದಲ ವಾರ, 15.2 ಕೋಟಿ. ಜನವರಿಯಲ್ಲಿ ನಮಗೆ ಚಳಿ, ಅಲ್ವಾ? ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ಸೂರ್ಯನ ಸುತ್ತ ಹೋಗುವಾಗ ಆ ವಾಲು ಒಂದೇ ದಿಕ್ಕಿಗಿರುತ್ತದೆ. ಅದಕ್ಕೇ ಜೂನ್‌ನಲ್ಲಿ ಉತ್ತರಾರ್ಧ ಸೂರ್ಯನ ಕಡೆ ಬಾಗಿರುತ್ತದೆ, ಡಿಸೆಂಬರಿನಲ್ಲಿ ದಕ್ಷಿಣಾರ್ಧ. ಋತು ಹುಟ್ಟುವುದು ಇದರಿಂದ.

ನೆರಳಿನ ಆಟವೂ ಇದರದೇ. ಸೂರ್ಯ ನೇರ ನೆತ್ತಿಗೆ ಬರುವ ಜಾಗ ವರ್ಷವಿಡೀ ಕರ್ಕಾಟಕ ವೃತ್ತಕ್ಕೂ (23.5 ಡಿಗ್ರಿ ಉತ್ತರ) ಮಕರ ವೃತ್ತಕ್ಕೂ (23.5 ಡಿಗ್ರಿ ದಕ್ಷಿಣ) ನಡುವೆ ಓಡಾಡುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಸೂರ್ಯ ಉತ್ತರಕ್ಕೆ ಹೋಗುವಾಗ ಏಪ್ರಿಲ್ 24ರ ಹೊತ್ತಿಗೆ, ಮರಳುವಾಗ ಆಗಸ್ಟ್ 18ರ ಹೊತ್ತಿಗೆ ನಮ್ಮ ನೆತ್ತಿ ದಾಟುತ್ತಾನೆ. ಆಗಸ್ಟಿನಲ್ಲಿ ಮೋಡ ಜಾಸ್ತಿ, ಹಾಗಾಗಿ ತೋರಿಸಲು ಏಪ್ರಿಲ್ಲೇ ಒಳ್ಳೆಯದು. ಬೀದರಿಗೆ ಇದು ಮೇ ಎರಡನೇ ವಾರ. ದೆಹಲಿ ಕರ್ಕಾಟಕ ವೃತ್ತಕ್ಕಿಂತ ಉತ್ತರಕ್ಕಿದೆ, ಹಾಗಾಗಿ ಅಲ್ಲಿ ಎಂದೂ ಇಲ್ಲ. ಏಪ್ರಿಲ್ 24, ಆಗಸ್ಟ್ 18 ಇವೆರಡು ದಿನಗಳ ನಡುವೆ ನಮ್ಮ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದಂತೆ ಉತ್ತರಕ್ಕೆ. ಒಂದು ಮೀಟರ್ ಕೋಲಿಗೆ ಜೂನ್ 21ರಂದು ಸುಮಾರು 18 ಸೆಂ.ಮೀ., ಡಿಸೆಂಬರ್ 21ರಂದು 74. ಫಲಕಕ್ಕೆ ಇದನ್ನು ಹಾಕಿ, ಮಕ್ಕಳು ಅಳೆದು ನೋಡಲಿ.

ಇನ್ನು ಪದ. ‘ಶೂನ್ಯ’ವೂ ಬೇಡ, ‘ದಿನ’ವೂ ಬೇಡ. ಇದು ನಡೆಯುವುದು ಒಂದೆರಡು ನಿಮಿಷ ಮಾತ್ರ. ನೆರಳು ಮಾಯವಾಗುವುದೂ ಇಲ್ಲ. ಮರದ ನೆರಳು ಬುಡದಲ್ಲೇ ಇರುತ್ತದೆ, ನಮ್ಮದು ಕಾಲ ಕೆಳಗೆ. ‘ಸೂರ್ಯ ನೆತ್ತಿಗೆ, ನೆರಳು ಕಾಲಡಿಗೆ’ ಎಂದು ದೊಡ್ಡದಾಗಿ ಬರೆಯಿರಿ.

ಮರು:
ಅದು ಪದವಲ್ಲ, ಘೋಷಣೆ. ಪಾರಿಭಾಷಿಕ ಪದ ಸಂಸ್ಕೃತದಿಂದಲೇ ಬರಬೇಕು, ಇಡೀ ದೇಶಕ್ಕೆ ತಿಳಿಯುತ್ತದೆ. ನಾಳೆ ಉತ್ತರಾಯಣ, ವಿಷುವ (ಹಗಲು ರಾತ್ರಿ ಸಮನಾಗುವ ದಿನ) ಇವುಗಳನ್ನೂ ಕಿತ್ತು ಹಾಕುತ್ತೀರಾ?

ಮರು:
ಇಲ್ಲ. ಅವು ಜನರ ಬಾಯಲ್ಲಿವೆ, ಇರಲಿ. ಆದರೆ ಸಂಸ್ಕೃತದಿಂದ ಬಂತೆಂದ ಮಾತ್ರಕ್ಕೆ ಅರ್ಥ ಗಟ್ಟಿಯಾಗಿ ನಿಲ್ಲುವುದಿಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಉತ್ತರಾಯಣ ಎನ್ನುವುದು ಜನವರಿ ಮಧ್ಯದ ಸಂಕ್ರಾಂತಿಗೆ. ಆ ಪದ ಕೇಳಿದ ಮಗುವಿಗೆ ಈ ವ್ಯತ್ಯಾಸ ಹೇಗೆ ಹೊಳೆಯಬೇಕು? ಎಂಟು ವರ್ಷದ ಮಗು ಓದುವ ಫಲಕದಲ್ಲಿ ‘ಛಾಯಾಶೂನ್ಯ’ ಎಂದು ಬರೆದರೆ ದೊಡ್ಡವರು ಪಕ್ಕದಲ್ಲಿ ನಿಂತು ಅರ್ಥ ಹೇಳಬೇಕಾಗುತ್ತದೆ.

ಮೇಡಂ, ತಾರೀಖಿನ ಜತೆ ಸಮಯವನ್ನೂ ಹಾಕಿ: ಮಧ್ಯಾಹ್ನ 12:17ರ ಸುಮಾರಿಗೆ. 12ಕ್ಕೇ ಎಲ್ಲರೂ ಸೇರಲಿ, ನೆರಳು ಕುಗ್ಗುವುದನ್ನೂ ನೋಡಬಹುದು. ಮಂಗಳೂರಿನ ಗೆಳೆಯರು ಇದೇ ಫಲಕ ಬಳಸುವುದಾದರೆ ತಾರೀಖು ಅದೇ, ಸಮಯಕ್ಕೆ 11 ನಿಮಿಷ ಸೇರಿಸಿಕೊಳ್ಳಲಿ.