ಜಿಹಾದ್ ಅಂದರೆ ಯುದ್ಧ ಮಾತ್ರವೇ? ಕುರ್‌ಆನ್‌ನಲ್ಲಿ ಹೇಗೆ ಬಂದಿದೆ?

ಹಳೇಪುಟ: ಟಿವಿಯಲ್ಲಿ ಜಿಹಾದ್ ಅಂದರೆ ಯುದ್ಧ ಅಂತ ಮುಗಿಸಿಬಿಡುತ್ತಾರೆ. ಕುರ್‌ಆನ್‌ನಲ್ಲಿ ಕಾದಾಟಕ್ಕೆ ‘ಕಿತಾಲ್’ ಅಂತ ಬೇರೆ ಪದವೇ ಇದೆ. ಜಿಹಾದ್ ಅಂದರೆ ಪಟ್ಟು ಹಿಡಿದು ಶ್ರಮಿಸುವುದು. 25ನೇ ಅಧ್ಯಾಯದ 52ನೇ ವಚನ (25:52) ನೋಡಿ. ‘ಇದರ ಮೂಲಕ ಅವರೊಡನೆ ದೊಡ್ಡ ಜಿಹಾದ್ ಮಾಡು’ ಅಂತಿದೆ. ‘ಇದು’ ಅಂದರೆ ಕುರ್‌ಆನ್. ಮಕ್ಕಾ ಕಾಲದ ಅಧ್ಯಾಯ ಅದು. ಆಗ ಕಾದಾಡಲು ಅನುಮತಿಯೇ ಇರಲಿಲ್ಲ.

ಬಯಲುಸೀಮೆ: ‘ಬೇರೆ ಪದವೇ ಇದೆ’ ಅಂದ್ರಿ. ಹಾಗಾದ್ರೆ 9:41 ಓದಿ. ಹೊರಡಿ, ಧನ ಪ್ರಾಣ ಕೊಟ್ಟು ಜಿಹಾದ್ ಮಾಡಿ ಅಂತಿದೆ. ಸಂದರ್ಭ 630ರ ತಬೂಕ್ ದಂಡಯಾತ್ರೆ. ಹದೀಸ್‌ಗಳ, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳ, ಬುಖಾರಿ ಸಂಗ್ರಹದ ಜಿಹಾದ್ ಭಾಗದಲ್ಲೂ ಜಾಸ್ತಿ ಇರುವುದು ಯುದ್ಧದ ವಿಷಯವೇ.

ಕಡಲತಡಿ: ಬುಖಾರಿಯ ಅದೇ ಭಾಗದಲ್ಲಿ ಒಬ್ಬ ಜಿಹಾದ್‌ಗೆ ಹೋಗಲು ಅಪ್ಪಣೆ ಕೇಳುತ್ತಾನೆ. ತಂದೆ ತಾಯಿ ಬದುಕಿದ್ದಾರಾ ಅಂತ ಪ್ರವಾದಿಯವರು ಕೇಳುತ್ತಾರೆ. ಹೌದು ಅಂದಾಗ, ಹಾಗಾದರೆ ಅವರ ಸೇವೆಯಲ್ಲೇ ಜಿಹಾದ್ ಮಾಡು ಅನ್ನುತ್ತಾರೆ. ಪ್ರವಾದಿಯವರು ಯುದ್ಧದಿಂದ ಮರಳಿ ‘ಸಣ್ಣ ಜಿಹಾದ್‌ನಿಂದ ದೊಡ್ಡ ಜಿಹಾದ್‌ಗೆ ಬಂದೆವು’ ಅಂದಿದ್ದೂ ಇದೆ. ಮನಸ್ಸಿನ ಆಸೆಗಳ ಜೊತೆಗಿನ ಹೋರಾಟವೇ ದೊಡ್ಡದು.

ಬಯಲುಸೀಮೆ: ಆ ‘ದೊಡ್ಡ ಜಿಹಾದ್’ ಹದೀಸ್ ಬುಖಾರಿಯಲ್ಲೂ ಇಲ್ಲ, ಮುಸ್ಲಿಮ್ ಎಂಬವರ ಹದೀಸ್ ಸಂಗ್ರಹದಲ್ಲೂ ಇಲ್ಲ. ಅದನ್ನು ದಾಖಲಿಸಿದ ಹದೀಸ್ ಪಂಡಿತ ಬೈಹಕಿಯೇ ಅದರ ಸನದು (ಅದು ಯಾರಿಂದ ಯಾರಿಗೆ ಬಂತು ಅನ್ನುವ ವರದಿಗಾರರ ಸರಣಿ) ದುರ್ಬಲ ಅಂದಿದ್ದಾರೆ.

ಕಡಲತಡಿ: ದುರ್ಬಲ ಅಂದರೆ ಸುಳ್ಳು ಅಂತಲ್ಲ ಮಾರಾಯ್ರೆ! ದೊಡ್ಡ ವಿದ್ವಾಂಸ ಇಮಾಮ್ ಗಝಾಲಿಯೇ ಅದನ್ನು ಬಳಸಿದ್ದಾರೆ.

ಮಸೀದಿಬೀದಿ: ಗಝಾಲಿ ಬಳಸಿದರೆ ಅದು ಪ್ರವಾದಿಯವರ ಮಾತಾಗಲ್ಲ. ವಿದ್ವಾಂಸ ಇಬ್ನ್ ತೈಮಿಯಾ ಇದಕ್ಕೆ ಬುಡವೇ ಇಲ್ಲ ಅಂದಿದ್ದಾರೆ. ಹದೀಸ್ ಪಂಡಿತ ಇಬ್ನ್ ಹಜರ್ ಪ್ರಕಾರ ಇದು ಪ್ರವಾದಿಯವರ ನಂತರದ ತಲೆಮಾರಿನ ಇಬ್ರಾಹೀಂ ಇಬ್ನ್ ಅಬೀ ಅಬ್ಲಾ ಹೇಳಿದ್ದು. ನಮ್ಮವರೇ ಇದನ್ನು ಭಾಷಣಗಳಲ್ಲಿ ಹೇಳುವುದು ನೋಡಿ ನನಗೆ ನೋವಾಗುತ್ತದೆ.

ಕಡಲತಡಿ: ನಿಮಗೆ ಇಬ್ನ್ ತೈಮಿಯಾ ಒಬ್ಬರೇ ಸಿಕ್ಕಿದ್ದಾ? ತಿರ್ಮಿಝಿಯ ಹದೀಸ್ ಸಂಗ್ರಹದಲ್ಲಿ ‘ತನ್ನ ಮನಸ್ಸಿನ ಜೊತೆ ಜಿಹಾದ್ ಮಾಡುವವನೇ ಮುಜಾಹಿದ್ (ಜಿಹಾದ್ ಮಾಡುವವನು)’ ಅಂತಿದೆ. ಅದನ್ನೂ ತಳ್ಳಿಹಾಕ್ತೀರಾ?

ಬಯಲುಸೀಮೆ: ಪೂರ್ತಿ ಹೇಳಿ ಸ್ವಾಮಿ. ಆ ಹದೀಸ್ ಶುರುವಾಗೋದೇ ಅಲ್ಲಾಹನ ದಾರಿಯಲ್ಲಿ ಗಡಿ ಕಾಯುತ್ತಾ ಸತ್ತವನ ಬಗ್ಗೆ. ಅರ್ಧ ಕತ್ತರಿಸಿ ತೋರಿಸೋದು ಯಾಕೆ?

ಕಡಲತಡಿ: ಕತ್ತರಿಸಿದ್ದು ನೀವು! 9:41 ಕೊಟ್ಟು ಉಳಿದದ್ದನ್ನೆಲ್ಲ ಬಿಟ್ಟಿದ್ದು ಯಾರು?

ಹಳೇಪುಟ: ಎಲ್ಲರೂ ಸನದಿನ ಹಿಂದೆ ಬಿದ್ದಿದ್ದೀರಿ. ನಾನು ಕೇಳಿದ್ದು ಕುರ್‌ಆನ್ ಬಗ್ಗೆ. 31:15ರಲ್ಲಿ ಮಗನನ್ನು ಬಹುದೇವಾರಾಧನೆಗೆ ಒತ್ತಾಯಿಸುವ ತಂದೆ ತಾಯಿ ಬರುತ್ತಾರೆ. ಅವರ ಒತ್ತಾಯಕ್ಕೂ ‘ಜಾಹದಾಕ’ ಅಂತ ಇದೇ ಕ್ರಿಯಾಪದ. ಅವರೇನು ಮಗನ ಮೇಲೆ ಕತ್ತಿ ಎತ್ತಿದ್ರಾ? ಆ ವಿಷಯದಲ್ಲಿ ಅವರ ಮಾತು ಕೇಳಬೇಡ, ಆದರೆ ಲೋಕದ ಬಾಳಿನಲ್ಲಿ ಅವರೊಡನೆ ಚೆನ್ನಾಗಿರು ಅಂತಲೂ ಅಲ್ಲೇ ಇದೆ.

ಬಯಲುಸೀಮೆ: ಕ್ರಿಯಾಪದಕ್ಕೆ ಹತ್ತು ಅರ್ಥ ಇರಲಿ. ಶತಮಾನಗಳ ಕಾಲ ಫಿಕ್ಹ್ (ಇಸ್ಲಾಮಿನ ಧಾರ್ಮಿಕ ಕಾನೂನು) ಪಂಡಿತರು ‘ಜಿಹಾದ್’ ಅಂತ ಅಧ್ಯಾಯ ಬರೆದಾಗ ಅದರಲ್ಲಿ ಏನಿತ್ತು? ಯುದ್ಧ, ಒಪ್ಪಂದ, ಸೆರೆಯಾಳು. ಅದನ್ನು ಯಾಕೆ ಮುಟ್ಟಲ್ಲ?

ಹಳೇಪುಟ: ‘ಶತಮಾನಗಳ ಕಾಲ’ ಅಂತ ನೀವೇ ಬರೆದ್ರಿ. ಅದು ಕುರ್‌ಆನ್ ಆದಮೇಲಿನ ಮಾತು.

ಮಸೀದಿಬೀದಿ: ಬೈಹಕಿ ಹೇಳಿದ್ದನ್ನು ಕಡಲತಡಿ ಇನ್ನೂ ಒಪ್ಪಿಲ್ಲ.

ಕಡಲತಡಿ: ನಾನು ಕೊಟ್ಟ ತಂದೆ ತಾಯಿಯ ಹದೀಸ್ ಬುಖಾರಿಯದ್ದು. ಅದಕ್ಕೆ ಮೊದಲು ಉತ್ತರ ಕೊಡಿ, ಆಮೇಲೆ ಬೈಹಕಿ.